ಮಳೆಯಲ್ಲಿ ‘ಸಾವಕಾಶ’ ಎಂದರೆ ಎಷ್ಟು?



ಧಾರವಾಡದ ಮನೆಯಿಂದ ಹುಬ್ಬಳ್ಳಿಯ ಕಾಲೇಜಿಗೆ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಜುಲೈ ತಿಂಗಳು, ಬೆಳಗಿನಿಂದ ಜಿಟಿಜಿಟಿ ಮಳೆ. ರೇನ್‌ಕೋಟಿನ ಗುಂಡಿ ಹಾಕಿಕೊಂಡು ಗಾಡಿ ಚಾಲೂ ಮಾಡುವಷ್ಟರಲ್ಲಿ ಒಳಗಿನಿಂದ ಅವ್ವನ ದನಿ ಕೇಳುತ್ತದೆ: “ಮಳಿ ಹತ್ತೈತಿ, ಸಾವಕಾಶ ಹೋಗಪಾ!” ನೀವು “ಹೂಂ” ಎನ್ನುತ್ತೀರಿ, ಹೊರಡುತ್ತೀರಿ. ಬಿಸಿಲಿನಲ್ಲಿ 60 ಕಿಲೋಮೀಟರ್ ವೇಗದಲ್ಲಿ ಹೋಗುವವರು ಇಂದು 55ರಲ್ಲಿ ಹೋಗುತ್ತೀರಿ. ಅವ್ವನ ಮಾತು ಪಾಲಿಸಿದಂತೆಯೇ ಆಯಿತು ಎಂದು ನಿಮಗೆ ಸಮಾಧಾನ.

ನಿಜವಾಗಿ ಪಾಲಿಸಿದಿರೇ? ಸಾವಕಾಶ ಎಂದರೆ 55 ಕಿಲೋಮೀಟರೇ, 50 ಕಿಲೋಮೀಟರೇ, 40 ಕಿಲೋಮೀಟರೇ? ಅವ್ವ ಅಂಕಿ ಹೇಳಲಿಲ್ಲ. ರಸ್ತೆಯ ಬದಿಯ ಫಲಕದಲ್ಲಿ ಒಂದು ಅಂಕಿ ಇದೆ, ಆದರೆ ಅದು ಬಿಸಿಲಿಗೂ ಮಳೆಗೂ ಒಂದೇ. ವಾಹನ ಚಾಲನೆಯ ಬಗ್ಗೆ 2017ರಲ್ಲಿ ಬಂದ ಕೇಂದ್ರದ ನಿಯಮಗಳು ರಸ್ತೆ, ಸಂಚಾರ, ಹವೆ ನೋಡಿಕೊಂಡು ವೇಗ ಇಟ್ಟುಕೊಳ್ಳುವ ಹೊಣೆಯನ್ನು ಚಾಲಕನ ಮೇಲೆಯೇ ಹೊರಿಸಿವೆ. ಹಾಗೆ ನೋಡಿಕೊಳ್ಳುವುದು ಹೇಗೆ? ಈ ಕೆಲಸದಲ್ಲಿ ಗಣಕಯಂತ್ರ ನಮಗೆ ನೆರವಾಗಬಲ್ಲದೇ? ಇದೇ ಈ ಲೇಖನದ ವಿಷಯ. ಓದುವಾಗ ಕೈಯಲ್ಲಿ ಒಂದು ಪೆನ್ಸಿಲ್ ಮತ್ತು ಕಾಗದ ಇರಲಿ.

ಒಂದೇ ದಾರಿ, ಹಲವು ಹವೆ

ಹುಬ್ಬಳ್ಳಿಗೂ ಧಾರವಾಡಕ್ಕೂ ಇರುವ ದೂರ ಸುಮಾರು 20 ಕಿಲೋಮೀಟರ್. ಈ ಚಿಕ್ಕ ದೂರದಲ್ಲಿಯೇ ಹವೆ ಬದಲಾಗುವುದನ್ನು ನೀವು ಕಂಡಿರುತ್ತೀರಿ. ಧಾರವಾಡ ಎತ್ತರದಲ್ಲಿದೆ, ಮಲೆನಾಡಿನ ಸೆರಗಿಗೆ ಹತ್ತಿಕೊಂಡಿದೆ. ಹುಬ್ಬಳ್ಳಿಯಿಂದ ಪೂರ್ವಕ್ಕೆ ಹೋದಂತೆ ಎರೆಭೂಮಿಯ ಬಯಲುಸೀಮೆ ತೆರೆದುಕೊಳ್ಳುತ್ತದೆ. ಧಾರವಾಡದಲ್ಲಿ ಕೊಡೆ ಬಿಚ್ಚಿದವರು ನವಲೂರು ದಾಟುವಷ್ಟರಲ್ಲಿ ಮಡಚಿದ ದಿನಗಳು ಎಷ್ಟಿಲ್ಲ! ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ದಪ್ಪ ಹನಿಗಳ ಮಳೆ, ಜುಲೈಯಲ್ಲಿ ಎಡೆಬಿಡದ ತುಂತುರು, ಅಕ್ಟೋಬರಿನಲ್ಲಿ ಹಿಂಗಾರಿನ ಜಡಿಮಳೆ, ಚಳಿಗಾಲದ ಕೆಲವು ನಸುಕುಗಳಲ್ಲಿ ದಟ್ಟ ಮಂಜು. ಹೊಲದಿಂದ ರಸ್ತೆಗೇರುವ ಟ್ರ್ಯಾಕ್ಟರಿನ ಗಾಲಿಗಳು ಎರೆಮಣ್ಣನ್ನು ಡಾಂಬರಿನ ಮೇಲೆ ಹಚ್ಚಿ ಹೋಗುತ್ತವೆ. ಅದರ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ರಸ್ತೆ ಬೆಣ್ಣೆ ಸವರಿದಂತಾಗುತ್ತದೆ.

ರಸ್ತೆಗಳೂ ಒಂದೇ ಬಗೆಯವಲ್ಲ. ಊರೊಳಗಿನಿಂದ ಹಾದುಹೋಗುವ ಹಳೆಯ ಪಿ.ಬಿ. ರಸ್ತೆಯಲ್ಲಿ 2020ರ ಫೆಬ್ರವರಿ 2ರಂದು ವಿಧ್ಯುಕ್ತವಾಗಿ ಉದ್ಘಾಟನೆಯಾದ ಬಿ.ಆರ್.ಟಿ.ಎಸ್. ವ್ಯವಸ್ಥೆಯ ‘ಚಿಗರಿ’ ಬಸ್ಸುಗಳಿಗೆ ತಮ್ಮದೇ ಪ್ರತ್ಯೇಕ ಪಥ. ಪಕ್ಕದ ಪಥದಲ್ಲಿ ಸ್ಕೂಟರು, ಆಟೋ, ಕಾರು, ಲಾರಿ ಎಲ್ಲವೂ ಒಟ್ಟಿಗೆ. ಊರ ಹೊರಗೆ ಗಬ್ಬೂರಿನಿಂದ ನರೇಂದ್ರದವರೆಗೆ ಸುಮಾರು 30 ಕಿಲೋಮೀಟರಿನ ಬೈಪಾಸ್. ಬೆಂಗಳೂರು-ಪುಣೆ ಹೆದ್ದಾರಿ ಬೇರೆಡೆ ಅಗಲವಾಗಿ ಮಧ್ಯೆ ವಿಭಜಕ ಪಡೆದ ಮೇಲೂ ಈ ಬೈಪಾಸ್ ಬಹುಕಾಲ ಎರಡೇ ಸಾಲಿನ, ನಡುವೆ ತಡೆಯಿಲ್ಲದ ರಸ್ತೆಯಾಗಿಯೇ ಉಳಿದಿತ್ತು. 2021ರ ಜನವರಿ 15ರ ಬೆಳಿಗ್ಗೆ ಇಟಿಗಟ್ಟಿಯ ಬಳಿ, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಗೆಳತಿಯರ ವಾಹನ ಟಿಪ್ಪರಿಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ನಾಡೆಲ್ಲ ಮರುಗಿತು. ರಸ್ತೆಯನ್ನು ಅಗಲಿಸುವ ಕಾಮಗಾರಿಗೆ 2022ರ ಫೆಬ್ರವರಿಯಲ್ಲಿ ಶಿಲಾನ್ಯಾಸವಾಯಿತು. ಆ ದುರಂತಕ್ಕೆ ಹವೆಯೇ ಕಾರಣವೆಂದು ಇಲ್ಲಿ ಹೇಳುತ್ತಿಲ್ಲ. ಎದುರಿನಿಂದ ಬರುವ ವಾಹನಕ್ಕೂ ನಮಗೂ ನಡುವೆ ಗೋಡೆಯಿಲ್ಲದ ರಸ್ತೆಯಲ್ಲಿ ವೇಗದ ಲೆಕ್ಕವೇ ಬೇರೆಯಾಗುತ್ತದೆ ಎಂಬುದನ್ನು ಮುಂದೆ ನೋಡಲಿದ್ದೇವೆ.

ಮೊದಲು ಬ್ರೇಕಿನ ಲೆಕ್ಕ

ಎದುರಿಗೆ ಒಂದು ಎಮ್ಮೆ ಅಡ್ಡ ಬಂತು ಎನ್ನೋಣ. ಗಾಡಿ ನಿಲ್ಲುವವರೆಗೆ ಸಾಗುವ ದೂರದಲ್ಲಿ ಎರಡು ಭಾಗಗಳಿವೆ. ಎಮ್ಮೆ ಕಣ್ಣಿಗೆ ಬಿದ್ದು, ಅದು ಮಿದುಳಿಗೆ ತಿಳಿದು, ಕೈಕಾಲು ಬ್ರೇಕಿಗೆ ಹೋಗುವವರೆಗಿನ ದೂರ ಮೊದಲನೆಯದು. ನಮ್ಮ ದೇಶದ ರಸ್ತೆಗಳ ಮಾನಕಗಳನ್ನು ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆ ಎರಡೂವರೆ ಸೆಕೆಂಡು ಹಿಡಿಯುತ್ತದೆ. ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲುವವರೆಗಿನ ದೂರ ಎರಡನೆಯದು. ಇದು ಗಾಲಿಗೂ ರಸ್ತೆಗೂ ನಡುವಿನ ಹಿಡಿತವನ್ನು, ಅಂದರೆ ಭೌತಶಾಸ್ತ್ರದಲ್ಲಿ ನೀವು ಓದಿದ ಘರ್ಷಣಾಂಕವನ್ನು ಅವಲಂಬಿಸುತ್ತದೆ.

ಲೆಕ್ಕ ಸುಲಭ. ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬರೆದುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ 16.7 ಮೀಟರ್. ಎರಡೂವರೆ ಸೆಕೆಂಡಿನಲ್ಲಿ ಸುಮಾರು 42 ಮೀಟರ್ ಹೋಯಿತು. ಬ್ರೇಕನ್ನು ಇನ್ನೂ ಮುಟ್ಟಿಲ್ಲ! ಇನ್ನು ಬ್ರೇಕಿನ ದೂರ. ವೇಗವನ್ನು ವೇಗದಿಂದಲೇ ಗುಣಿಸಿ, 19.6ರಿಂದ ಭಾಗಿಸಿ, ಬಂದ ಉತ್ತರವನ್ನು ಘರ್ಷಣಾಂಕದಿಂದ ಭಾಗಿಸಿ. ಒಣಗಿದ ಒಳ್ಳೆಯ ಡಾಂಬರಿಗೆ ಘರ್ಷಣಾಂಕ 0.7, ನೆನೆದ ರಸ್ತೆಗೆ 0.4, ಒದ್ದೆ ಕೆಸರು ಹತ್ತಿದ ರಸ್ತೆಗೆ 0.2 ಎಂದು ಉದಾಹರಣೆಗಾಗಿ ಹಿಡಿಯೋಣ. ಬ್ರೇಕಿನ ದೂರ ಕ್ರಮವಾಗಿ 20, 35 ಮತ್ತು 71 ಮೀಟರ್ ಬರುತ್ತದೆ. ಮೊದಲಿನ 42 ಕೂಡಿಸಿದರೆ ಒಟ್ಟು 62, 77 ಮತ್ತು 113 ಮೀಟರ್. ಚಾಲಕ ಅವನೇ, ಬ್ರೇಕು ಅದೇ, ವೇಗ ಅದೇ. ರಸ್ತೆಯೊಂದು ಬದಲಾಯಿತು, ನಿಲ್ಲುವ ದೂರ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಈಗ ಲೆಕ್ಕವನ್ನು ತಿರುಗಿಸಿ. ಒಣ ರಸ್ತೆಯ ಮೇಲೆ 60ರಲ್ಲಿ ಹೋದಾಗ ನಿಲ್ಲುವ ಆ 62 ಮೀಟರಿನಲ್ಲಿಯೇ ನೆನೆದ ರಸ್ತೆಯ ಮೇಲೂ ನಿಲ್ಲಬೇಕಾದರೆ ವೇಗ ಎಷ್ಟಿರಬೇಕು? ಸುಮಾರು 52. ಕೆಸರು ಹತ್ತಿದ್ದರೆ ಸುಮಾರು 41. ಅವ್ವ ಹೇಳಿದ ‘ಸಾವಕಾಶ’ಕ್ಕೆ ಈಗ ಒಂದು ಅಂಕಿ ಸಿಕ್ಕಿತು. ನೀವು ಇಳಿಸಿದ್ದು 5 ಕಿಲೋಮೀಟರ್. ಇಳಿಸಬೇಕಿದ್ದದ್ದು ನೆನೆದ ರಸ್ತೆಯಲ್ಲಿ 8, ಕೆಸರಿನಲ್ಲಿ 19.

ನೀರು ರಸ್ತೆಯ ಮೇಲೆ ನಿಂತಾಗ ಇನ್ನೊಂದು ಅಪಾಯವಿದೆ. ವೇಗ ಒಂದು ಮಿತಿ ದಾಟಿದರೆ ಗಾಲಿಯ ಕೆಳಗಿನ ನೀರಿಗೆ ಪಕ್ಕಕ್ಕೆ ಸರಿಯಲು ಸಮಯ ಸಿಗದೆ, ಗಾಲಿ ನೀರಿನ ಮೇಲೆ ದೋಣಿಯಂತೆ ತೇಲುತ್ತದೆ. ಆಗ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ವಿಮಾನಗಳು ಒದ್ದೆ ರನ್‌ವೇಯಲ್ಲಿ ಜಾರುವುದನ್ನು 1960ರ ದಶಕದಲ್ಲಿ ಅಧ್ಯಯನ ಮಾಡಿದ ಅಮೆರಿಕದ ನಾಸಾ ವಿಜ್ಞಾನಿಗಳು ಈ ವೇಗ ಗಾಲಿಯ ಗಾಳಿಯ ಒತ್ತಡದ ವರ್ಗಮೂಲದಂತೆ ಏರಿಳಿಯುತ್ತದೆಂದು ಕಂಡುಕೊಂಡರು. ಅವರ ಸೂತ್ರದಂತೆ 32 ಪೌಂಡು ಗಾಳಿಯ ಗಾಲಿ ತೇಲತೊಡಗುವುದು ಸುಮಾರು 94 ಕಿಲೋಮೀಟರ್ ವೇಗದಲ್ಲಿ, 25 ಪೌಂಡಿಗೆ ಇಳಿದಿದ್ದರೆ 83ರಲ್ಲಿಯೇ. ಗೀರು ಸವೆದು ನುಣ್ಣಗಾದ ಗಾಲಿಗೆ ಈ ಸೂತ್ರ ಹೆಚ್ಚು ಸರಿಯಾಗಿ ಹೊಂದುತ್ತದೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ನೋಡಿಸಿಕೊಳ್ಳುವ ಎರಡು ನಿಮಿಷ ಎಷ್ಟು ಬೆಲೆಯುಳ್ಳದ್ದು ನೋಡಿ.

ಮಂಜಿನ ಲೆಕ್ಕ

ಮಂಜಿನಲ್ಲಿ ರಸ್ತೆಯ ಹಿಡಿತದ ಜೊತೆಗೆ ಕಣ್ಣಿನ ದೂರವೂ ಲೆಕ್ಕಕ್ಕೆ ಬರುತ್ತದೆ. ಸೂತ್ರ ಒಂದೇ: ಕಾಣುವಷ್ಟು ದೂರದೊಳಗೆ ನಿಲ್ಲಬೇಕು. ರಸ್ತೆ ಒದ್ದೆಯಾಗಿದ್ದು 100 ಮೀಟರ್ ಕಾಣುತ್ತಿದ್ದರೆ, ಮೇಲಿನ ಲೆಕ್ಕದಂತೆ ಮಿತಿ ಸುಮಾರು 71 ಕಿಲೋಮೀಟರ್. ಆದರೆ ನಡುವೆ ವಿಭಜಕವಿಲ್ಲದ ಎರಡು ಸಾಲಿನ ರಸ್ತೆಯಲ್ಲಿ ಎದುರಿನ ಲಾರಿ ಇನ್ನೊಂದನ್ನು ಹಿಂದೆ ಹಾಕಲು ನಿಮ್ಮ ಸಾಲಿಗೇ ಬಂದಿದ್ದರೆ? ಆ 100 ಮೀಟರಿನಲ್ಲಿ ಅವನೂ ನಿಲ್ಲಬೇಕು, ನೀವೂ ನಿಲ್ಲಬೇಕು. ನಿಮ್ಮ ಪಾಲಿಗೆ 50 ಮೀಟರ್ ಮಾತ್ರ. ಆಗ ಮಿತಿ 71 ಅಲ್ಲ, ಸುಮಾರು 44! ಬೈಪಾಸಿನಂಥ ರಸ್ತೆಗೆ ಮಧ್ಯದ ವಿಭಜಕ ಏಕೆ ಬೇಕೆಂಬುದು ಈ ಒಂದು ಭಾಗಾಕಾರದಲ್ಲಿಯೇ ತಿಳಿಯುತ್ತದೆ.

ಅಂಕಿ ಬದಲಾಗುವ ಫಲಕಗಳು

ಹವೆಗೆ ತಕ್ಕಂತೆ ವೇಗದ ಮಿತಿಯನ್ನು ಬದಲಿಸುವುದು ಹೊಸ ವಿಚಾರವೇನಲ್ಲ. ಉತ್ತರ ಪ್ರದೇಶದ ಯಮುನಾ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಚಳಿಗಾಲದ ಮಂಜಿನ ಎರಡು ತಿಂಗಳು ಕಾರುಗಳ ಮಿತಿಯನ್ನು 100ರಿಂದ 75ಕ್ಕೆ ಇಳಿಸಿದ್ದುಂಟು. ಇದು ಪಂಚಾಂಗ ನೋಡಿ ಮಾಡುವ ಏರ್ಪಾಡು. ಡಿಸೆಂಬರ್ 20ರಂದು ನಿಚ್ಚಳ ಬಿಸಿಲಿದ್ದರೂ 75, ಡಿಸೆಂಬರ್ 10ರಂದು ದಟ್ಟ ಮಂಜಿದ್ದರೂ 100.

ಫಿನ್ಲೆಂಡ್ ದೇಶದವರು 1990ರ ದಶಕದಲ್ಲಿಯೇ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೋಟ್ಕಾ ಮತ್ತು ಹಾಮಿನಾ ಪಟ್ಟಣಗಳ ನಡುವಿನ ಹೆದ್ದಾರಿಯಲ್ಲಿ ರಸ್ತೆಯ ಹವೆಯನ್ನು ಅಳೆಯುವ ಉಪಕರಣಗಳನ್ನು ನೆಟ್ಟು, ಅವು ಕೊಟ್ಟ ಅಳತೆಯಂತೆ ಫಲಕದ ಅಂಕಿ 120, 100, 80 ಎಂದು ಬದಲಾಗುವಂತೆ ಮಾಡಿದರು. ಇಲ್ಲಿ ಪಂಚಾಂಗದ ಬದಲು ಉಪಕರಣ ಬಂತು. ಆದರೆ ಯಾವ ಅಳತೆಗೆ ಯಾವ ಅಂಕಿ ಎಂಬ ನಿಯಮವನ್ನು ಇಂಜಿನಿಯರುಗಳು ಕುಳಿತು ಮೊದಲೇ ಬರೆದಿಟ್ಟಿರಬೇಕಾಗುತ್ತದೆ. ನೂರಾರು ಕಿಲೋಮೀಟರ್ ರಸ್ತೆ, ಪ್ರತಿ ತಿರುವಿಗೂ ಬೇರೆ ಇಳಿಜಾರು, ಬೇರೆ ಮಣ್ಣು, ನೀರು ಹರಿದುಹೋಗುವ ಬೇರೆ ದಾರಿ. ಇಷ್ಟಕ್ಕೂ ಕೈಯಿಂದ ನಿಯಮ ಬರೆಯುವುದು ಆದೀತೇ? ಇಲ್ಲಿಂದ ಮೂರನೆಯ ಹೆಜ್ಜೆ, ಯಂತ್ರಕಲಿಕೆ.

ಯಂತ್ರ ಕಲಿಯುವುದೆಂದರೆ

‘ಯಂತ್ರಕಲಿಕೆ’ ಎಂಬ ಅರ್ಥದ ಇಂಗ್ಲಿಷ್ ಪದವನ್ನು ಪ್ರಚಾರಕ್ಕೆ ತಂದವರು ಆರ್ಥರ್ ಸ್ಯಾಮುಯೆಲ್. ಚದುರಂಗದ ಹಾಸಿನ ಮೇಲೆ ಆಡುವ ‘ಚೆಕರ್ಸ್’ ಎಂಬ ಆಟವನ್ನು ಗಣಕಯಂತ್ರಕ್ಕೆ ಕಲಿಸಿದ ಬಗೆಯನ್ನು ಅವರು 1959ರಲ್ಲಿ ಪ್ರಕಟಿಸಿದರು. ಸಾಮಾನ್ಯ ಗಣಕ ಕಾರ್ಯಕ್ರಮದಲ್ಲಿ ನಾವು ನಿಯಮ ಕೊಡುತ್ತೇವೆ, ಯಂತ್ರ ಉತ್ತರ ಕೊಡುತ್ತದೆ. ಯಂತ್ರಕಲಿಕೆಯಲ್ಲಿ ನಾವು ಉದಾಹರಣೆಗಳನ್ನೂ ಅವುಗಳ ಉತ್ತರಗಳನ್ನೂ ಕೊಡುತ್ತೇವೆ, ನಿಯಮವನ್ನು ಯಂತ್ರವೇ ಹುಡುಕಿಕೊಳ್ಳುತ್ತದೆ.

ನಮ್ಮ ರಸ್ತೆಗೇ ಇದನ್ನು ಹೊಂದಿಸಿ ನೋಡೋಣ. ಒಂದು ದೊಡ್ಡ ಕೋಷ್ಟಕವನ್ನು ಮನಸ್ಸಿನಲ್ಲಿ ತನ್ನಿ. ಪ್ರತಿ ಸಾಲಿನಲ್ಲಿ ಒಂದು ಸ್ಥಳ, ಒಂದು ಹೊತ್ತು. ಹಿಂದಿನ 15 ನಿಮಿಷದಲ್ಲಿ ಬಿದ್ದ ಮಳೆ ಎಷ್ಟು, ಮಳೆ ನಿಂತು ಎಷ್ಟು ಹೊತ್ತಾಯಿತು, ರಸ್ತೆಯ ಮೇಲೆ ನೀರಿನ ಪದರ ಎಷ್ಟು ದಪ್ಪ, ಇಳಿಜಾರು ಎಷ್ಟು, ಕಣ್ಣಿಗೆ ಎಷ್ಟು ದೂರ ಕಾಣುತ್ತಿದೆ, ಹೊಲದ ದಾರಿ ಕೂಡುವ ಜಾಗವೇ ಎಂಬ ಕಲಮುಗಳು. ಕೊನೆಯ ಕಲಮಿನಲ್ಲಿ ಆ ಕ್ಷಣ ಅಲ್ಲಿ ಅಳೆದ ಘರ್ಷಣಾಂಕ. ಇದನ್ನು ಅಳೆಯುವ ವಿಶೇಷ ಗಾಲಿಯ ವಾಹನಗಳಿವೆ. ಬ್ರೇಕು ಒತ್ತಿದಾಗ ಗಾಲಿ ಎಷ್ಟು ಜಾರಿತು ಎಂಬುದನ್ನು ಗಮನಿಸುವ ಎ.ಬಿ.ಎಸ್. ಉಪಕರಣದಿಂದಲೂ ಅಂದಾಜು ಸಿಗುತ್ತದೆ.

ಇಂಥ ಸಾವಿರಾರು ಸಾಲುಗಳನ್ನು ಓದಿ ಯಂತ್ರ ಒಂದು ‘ಪ್ರಶ್ನೆಗಳ ಮರ’ ಬೆಳೆಸಬಹುದು. ಮಳೆ ಬಿದ್ದಿದೆಯೇ? ಹೌದಾದರೆ ಒಂದು ಕೊಂಬೆ, ಇಲ್ಲವಾದರೆ ಇನ್ನೊಂದು. ಹೊಲದ ದಾರಿ ಹತ್ತಿರವಿದೆಯೇ? ಮತ್ತೆ ಎರಡು ಕೊಂಬೆ. ಕೊನೆಗೆ ಎಲೆಯ ತುದಿಯಲ್ಲಿ “ಇಲ್ಲಿ ಹಿಡಿತ ಸುಮಾರು ಇಷ್ಟು” ಎಂಬ ಉತ್ತರ. ಯಾವ ಪ್ರಶ್ನೆ ಮೊದಲು, ಯಾವುದು ನಂತರ ಎಂಬುದನ್ನು ಯಂತ್ರವೇ ಉದಾಹರಣೆಗಳಿಂದ ತೀರ್ಮಾನಿಸುತ್ತದೆ. ಒಂದು ಮರ ತಪ್ಪಬಹುದು. ಆದ್ದರಿಂದ ಬೇರೆ ಬೇರೆ ಉದಾಹರಣೆಗಳಿಂದ ನೂರಾರು ಮರ ಬೆಳೆಸಿ ಅವುಗಳ ಸರಾಸರಿ ತೆಗೆಯುತ್ತಾರೆ. ಲಿಯೋ ಬ್ರೈಮನ್ ಎಂಬ ಸಂಖ್ಯಾಶಾಸ್ತ್ರಜ್ಞ 2001ರಲ್ಲಿ ವಿವರಿಸಿದ ಈ ವಿಧಾನಕ್ಕೆ ‘ಕಾಡು’ ಎಂದೇ ಹೆಸರು ಬಂದಿದೆ. ಕ್ಯಾಮೆರಾದ ಚಿತ್ರ ನೋಡಿ ರಸ್ತೆ ಒಣಗಿದೆಯೇ, ಒದ್ದೆಯೇ, ಕೆಸರೇ ಎಂದು ಗುರುತಿಸಲು ನರಜಾಲದ ಮಾದರಿಯ ಬೇರೆ ವಿಧಾನಗಳಿವೆ.

ಯಂತ್ರಕ್ಕೆ ಗುರು ಯಾರು?

ಮಿತ್ರರೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ಯಂತ್ರ ಕಲಿಯುವುದು ನಾವು ಕೊಟ್ಟ ಉದಾಹರಣೆಗಳಿಂದ ಮಾತ್ರ. ಉದಾಹರಣೆ ತಪ್ಪಿದರೆ ಯಂತ್ರ ತಪ್ಪನ್ನೇ ಶ್ರದ್ಧೆಯಿಂದ ಕಲಿಯುತ್ತದೆ. ಅಂಥ ಮೂರು ತಪ್ಪುದಾರಿಗಳನ್ನು ನೋಡೋಣ.

ಮೊದಲನೆಯದು, ಚಾಲಕರನ್ನೇ ಗುರುವಾಗಿ ಮಾಡುವುದು. ರಸ್ತೆಯ ಮೇಲೆ ನೂರರಲ್ಲಿ 85 ವಾಹನಗಳು ಯಾವ ವೇಗವನ್ನು ಮೀರುವುದಿಲ್ಲವೋ ಅದನ್ನೇ ಮಿತಿಯಾಗಿ ಇಡುವ ಪದ್ಧತಿ ಸಂಚಾರ ಇಂಜಿನಿಯರುಗಳಲ್ಲಿದೆ. ಒಣ ರಸ್ತೆಗೆ ಅದು ನಡೆದೀತು. ಮಳೆಯಲ್ಲಿ? 60ರಿಂದ 55ಕ್ಕೆ ಇಳಿಸಿ ಸಮಾಧಾನ ಪಟ್ಟ ನಿಮ್ಮಂಥ, ನನ್ನಂಥ ಸಾವಿರ ಜನರಿಂದ ಕಲಿತ ಯಂತ್ರ “ಮಳೆಯಲ್ಲಿ 55 ಸರಿ” ಎಂದೇ ಕಲಿಯುತ್ತದೆ. ಅದು ಕಲಿತದ್ದು ನಮ್ಮ ರೂಢಿಯನ್ನು. ರಸ್ತೆಯ ಹಿಡಿತದ ಸುದ್ದಿಯೇ ಅದಕ್ಕೆ ಗೊತ್ತಿಲ್ಲ. ಚಿಗರಿ ಬಸ್ಸುಗಳ ವೇಗವನ್ನು ದಾಖಲಿಸಿ ಕಲಿಸಿದರೂ ಇದೇ ಬಗೆಯ ತೊಡಕು. ಪ್ರತ್ಯೇಕ ಪಥದಲ್ಲಿ ಓಡುವ ಭಾರಿ ಬಸ್ಸಿಗೆ ಸರಿಯಾದ ವೇಗ ಪಕ್ಕದ ಪಥದ ಸ್ಕೂಟರಿಗೆ ಸರಿಯಾಗಬೇಕೆಂದಿಲ್ಲ.

ಎರಡನೆಯದು, ಎಣಿಕೆಯನ್ನೇ ಅಪಾಯವೆಂದು ತಿಳಿಯುವುದು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅದೇ ವರದಿಯಲ್ಲಿ ಹವೆಯ ಕೋಷ್ಟಕ ನೋಡಿದರೆ ಸುಮಾರು ಮುಕ್ಕಾಲು ಪಾಲು ಅಪಘಾತಗಳು ನಡೆದದ್ದು ನಿರ್ಮಲ ಹವೆಯಲ್ಲಿ! ಈ ಕೋಷ್ಟಕವನ್ನು ಹಾಗೆಯೇ ಯಂತ್ರದ ಕೈಗೆ ಕೊಟ್ಟರೆ ಅದು “ಬಿಸಿಲು ಅಪಾಯಕಾರಿ, ಮಳೆ ಕ್ಷೇಮ” ಎಂದು ಹೇಳಿದರೆ ಆಶ್ಚರ್ಯವಿಲ್ಲ. ತಪ್ಪು ಎಲ್ಲಿದೆ? ವರ್ಷದ ಹೆಚ್ಚಿನ ಗಂಟೆಗಳಲ್ಲಿ ಮಳೆಯೇ ಇರುವುದಿಲ್ಲ, ಮಳೆ ಬಂದಾಗ ಜನ ಹೊರಡುವುದೂ ಕಡಿಮೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ “ಮಳೆಯಲ್ಲಿ ಎಷ್ಟು ಅಪಘಾತ?” ಎಂದಲ್ಲ, “ಮಳೆಯಲ್ಲಿ ಓಡಿದ ಪ್ರತಿ ಸಾವಿರ ವಾಹನಗಳಿಗೆ ಎಷ್ಟು?” ಎಂದು. ಅದಕ್ಕೆ ಅಪಘಾತವಾದ ವಾಹನಗಳ ಜೊತೆಗೆ ಕ್ಷೇಮವಾಗಿ ಮನೆ ಸೇರಿದ ವಾಹನಗಳ ಲೆಕ್ಕವೂ ಬೇಕು.

ಮೂರನೆಯದು, ಪರದೇಶದ ಪಾಠ. ರಸ್ತೆಯ ಚಿತ್ರ ಗುರುತಿಸುವ ಯಂತ್ರಗಳಿಗೆ ಕಲಿಸಲು ಬಹಳ ಬಳಕೆಯಾದ ಒಂದು ಚಿತ್ರಸಂಗ್ರಹ 2016ರಲ್ಲಿ ಪ್ರಕಟವಾದ ‘ಸಿಟಿಸ್ಕೇಪ್ಸ್’. ಅದರ ಚಿತ್ರಗಳು ಹೆಚ್ಚಾಗಿ ಜರ್ಮನಿಯ ನಗರಗಳಲ್ಲಿ, ಒಳ್ಳೆಯ ಹವೆಯಲ್ಲಿ ತೆಗೆದವು. ಅದನ್ನು ಓದಿದ ಯಂತ್ರಕ್ಕೆ ನಮ್ಮ ಆಟೋರಿಕ್ಷಾ ಗೊತ್ತಿಲ್ಲ, ರಸ್ತೆಯ ಅಂಚು ಎಲ್ಲಿ ಮುಗಿದು ಮಣ್ಣು ಎಲ್ಲಿ ಶುರುವಾಯಿತೆಂದೂ ತಿಳಿಯದು. ಈ ಕೊರತೆ ಕಂಡು ಹೈದರಾಬಾದಿನ ಐ.ಐ.ಐ.ಟಿ. ಸಂಸ್ಥೆಯವರು ಇತರರೊಡನೆ ಸೇರಿ ಹೈದರಾಬಾದ್ ಮತ್ತು ನಮ್ಮ ಬೆಂಗಳೂರಿನ ರಸ್ತೆಗಳಲ್ಲಿ ತೆಗೆದ 10,000 ಚಿತ್ರಗಳ ಸಂಗ್ರಹವನ್ನು 2018ರಲ್ಲಿ ಹೊರತಂದರು. ಆ ಮೇಲೆ ಮಳೆ, ಮಂಜು, ಹಿಮ ಮತ್ತು ಮಂದಬೆಳಕಿನಲ್ಲಿಯೇ ತೆಗೆದ 5,000 ಜೋಡಿ ಚಿತ್ರಗಳ ಇನ್ನೊಂದು ಸಂಗ್ರಹವೂ ಬಂತು. ಪ್ರತಿ ಜೋಡಿಯಲ್ಲಿ ಸಾಮಾನ್ಯ ಬಣ್ಣದ ಚಿತ್ರ ಒಂದು, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಚಿತ್ರ ಇನ್ನೊಂದು. ಇದು ಸರಿಯಾದ ದಾರಿ. ಆದರೂ ನವಲೂರಿನ ಇಳಿಜಾರನ್ನೂ ಇಟಿಗಟ್ಟಿಯ ಎರೆಮಣ್ಣನ್ನೂ ಯಂತ್ರಕ್ಕೆ ಯಾರಾದರೂ ತೋರಿಸಲೇಬೇಕು.

ಮಳೆಯಲ್ಲಿ ನಿಂತು ಬರೆದ ಒಂದು ಸಾಲು

ಹಾಗಾದರೆ ಒಳ್ಳೆಯ ಉದಾಹರಣೆಗಳು ಎಲ್ಲಿಂದ ಬರುತ್ತವೆ? ಮಳೆಯ ಅಳತೆಯ ಮಟ್ಟಿಗೆ ಕರ್ನಾಟಕ ಅದೃಷ್ಟವಂತ ರಾಜ್ಯ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳನ್ನು ಇಟ್ಟಿದೆ. ಅವು 15 ನಿಮಿಷಕ್ಕೊಮ್ಮೆ ತಾವಾಗಿಯೇ ಅಳತೆ ಕಳುಹಿಸುತ್ತವೆ. ರೈತರು ‘ವರುಣಮಿತ್ರ’ ಸಹಾಯವಾಣಿಗೆ ಫೋನ್ ಮಾಡಿ ಕೇಳುವ ಮಾಹಿತಿಯ ಮೂಲ ಇದೇ. ಬಿತ್ತನೆಗೆಂದು ಬೆಳೆದ ಈ ಜಾಲ ರಸ್ತೆಗೂ ಉಪಯೋಗಕ್ಕೆ ಬರಬಲ್ಲದು.

ಅಪಘಾತದ ದಾಖಲೆಯ ಮಾತು ಬೇರೆ. ಹಿಂದೆ ಅದು ಠಾಣೆಯ ಕಾಗದದಲ್ಲಿ ಉಳಿಯುತ್ತಿತ್ತು. ಮದ್ರಾಸಿನ ಐ.ಐ.ಟಿ. ಮತ್ತು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ರೂಪುಗೊಂಡ ‘ಸಮಗ್ರ ರಸ್ತೆ ಅಪಘಾತ ದತ್ತಸಂಚಯ’ 2021ರಲ್ಲಿ ಮೊದಲು ಆರು ರಾಜ್ಯಗಳಲ್ಲಿ ಶುರುವಾಯಿತು. ಕರ್ನಾಟಕ ಅವುಗಳಲ್ಲೊಂದು. ಪೊಲೀಸ್ ಸಿಬ್ಬಂದಿ ಸ್ಥಳದಲ್ಲಿಯೇ ಮೊಬೈಲಿನಲ್ಲಿ ಜಾಗ, ಹೊತ್ತು, ರಸ್ತೆಯ ಸ್ಥಿತಿ, ಹವೆ ಎಲ್ಲವನ್ನೂ ತುಂಬುವ ಏರ್ಪಾಡು ಇದು.

ಈಗ ಒಂದು ದೃಶ್ಯವನ್ನು ಕಲ್ಪಿಸಿಕೊಳ್ಳಿ. ರಾತ್ರಿ 9 ಗಂಟೆ, ಬೈಪಾಸ್. ಒಂದು ಬೈಕು ಜಾರಿ ಬಿದ್ದಿದೆ. ಪೊಲೀಸ್ ಪೇದೆ ಒದ್ದೆಯಾಗಿ ನಿಂತಿದ್ದಾರೆ. ಗಾಯಾಳುವನ್ನು ಆಸ್ಪತ್ರೆಗೆ ಕಳಿಸಬೇಕು, ವಾಹನಗಳ ಸಾಲು ಬಿಡಿಸಬೇಕು. ನಡುವೆ ಮೊಬೈಲಿನ ಕಲಮು ತುಂಬಬೇಕು. ‘ಅತಿವೇಗ ಹಾಗೂ ನಿರ್ಲಕ್ಷ್ಯ’ ಎಂಬ ರೂಢಿಯ ಮಾತನ್ನು ಬರೆದು ಮುಗಿಸುವುದು ಎಲ್ಲಕ್ಕಿಂತ ಸುಲಭ. ಆದರೆ ಟಾರ್ಚು ಬಿಟ್ಟು ನೋಡಿ ‘ರಸ್ತೆಯ ಮೇಲೆ ಎರೆಮಣ್ಣಿನ ಕೆಸರು, ಮಳೆ ನಿಂತು ಅರ್ಧ ಗಂಟೆ’ ಎಂದು ಬರೆದರೆ, ಆ ಒಂದು ಸಾಲು ಮುಂದೊಂದು ದಿನ ಯಂತ್ರಕ್ಕೆ ಪಾಠವಾಗುತ್ತದೆ, ಯಾರದೋ ಜೀವ ಉಳಿಸುತ್ತದೆ. ಬರೆದವರಿಗೆ ಅದು ಗೊತ್ತಾಗುವುದೂ ಇಲ್ಲ. ಯಂತ್ರಕಲಿಕೆಯ ನಿಜವಾದ ಗುರು ಪ್ರಯೋಗಾಲಯದಲ್ಲಿರುವಷ್ಟೇ ಈ ರಸ್ತೆಯ ಬದಿಯಲ್ಲಿಯೂ ಇದ್ದಾರೆ.

ಯಂತ್ರಕ್ಕೂ ಪರೀಕ್ಷೆ

ಕಲಿತದ್ದಕ್ಕೆ ಪರೀಕ್ಷೆ ಬೇಡವೇ? ಪಾಠ ಮಾಡಿದ ಲೆಕ್ಕಗಳನ್ನೇ ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟರೆ ಬಾಯಿಪಾಠ ಮಾಡಿದವನಿಗೂ ನೂರಕ್ಕೆ ನೂರು. ಆದ್ದರಿಂದ ಯಂತ್ರ ಎಂದೂ ನೋಡದ ಉದಾಹರಣೆಗಳಿಂದ ಅದನ್ನು ಪರೀಕ್ಷಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಒಂದೇ ಮಳೆಯ ವಿಡಿಯೋದಿಂದ ತೆಗೆದ ಅಕ್ಕಪಕ್ಕದ ಎರಡು ಚಿತ್ರಗಳಲ್ಲಿ ಒಂದನ್ನು ಪಾಠಕ್ಕೂ ಇನ್ನೊಂದನ್ನು ಪರೀಕ್ಷೆಗೂ ಇಟ್ಟರೆ ಪ್ರಶ್ನೆಪತ್ರಿಕೆ ಸೋರಿಕೆಯಾದಂತೆಯೇ ಸರಿ. ಒಂದು ವರ್ಷದ ಮುಂಗಾರಿನಿಂದ ಕಲಿಸಿ ಮರುವರ್ಷದ ಮುಂಗಾರಿನಿಂದ ಪರೀಕ್ಷಿಸುವುದು ನ್ಯಾಯವಾದ ಪರೀಕ್ಷೆ.

ಇಲ್ಲಿಯ ತಪ್ಪುಗಳೆಲ್ಲ ಒಂದೇ ತೂಕದವೂ ಅಲ್ಲ. 60 ಕ್ಷೇಮವಾಗಿರುವಲ್ಲಿ ಯಂತ್ರ 40 ಎಂದರೆ ಕೆಲವು ನಿಮಿಷ ತಡವಾದೀತು. 40 ಕ್ಷೇಮವಾಗಿರುವಲ್ಲಿ 60 ಎಂದರೆ ಒಂದು ಮನೆಯ ದೀಪ ಆರೀತು. ಹೀಗಾಗಿ ಅನುಮಾನ ಬಂದಲ್ಲಿ ಕಡಿಮೆ ಅಂಕಿಯನ್ನೇ ಹೇಳುವಂತೆ ಯಂತ್ರವನ್ನು ಅಣಿಗೊಳಿಸಬೇಕು. ಹಾಗೆಂದು ಬಿಸಿಲಿದ್ದಾಗಲೂ 40 ಎನ್ನುತ್ತಿದ್ದರೆ ‘ತೋಳ ಬಂತು ತೋಳ’ ಕಥೆಯಂತಾಗಿ, ನಿಜವಾದ ಮಂಜಿನ ದಿನವೂ ಜನ ಫಲಕವನ್ನು ನಂಬುವುದಿಲ್ಲ. ಕೆಲವರು ನಂಬಿ ನಿಧಾನಿಸಿ, ಕೆಲವರು ನಂಬದೆ ನುಗ್ಗಿದರೆ ಹಿಂದಿನಿಂದ ಗುದ್ದುವ ಅಪಾಯ ಬೇರೆ.

ಯಂತ್ರದ ಸುತ್ತ ಬೇಲಿಯೂ ಬೇಕು. ಮೊದಲು ಮಾಡಿದ ಬ್ರೇಕಿನ ಲೆಕ್ಕ ನೆನಪಿದೆಯೇ? ಹಿಡಿತ ಎಷ್ಟು, ದೃಷ್ಟಿ ಎಷ್ಟು ದೂರ ಎಂಬ ಅಂದಾಜನ್ನು ಯಂತ್ರ ಕಲಿಯಲಿ. ಅದರಿಂದ ವೇಗವನ್ನು ಭೌತಶಾಸ್ತ್ರದ ಸೂತ್ರವೇ ಕೊಡಲಿ. ಆ ಅಂಕಿಯನ್ನು ಯಂತ್ರ ಎಂದೂ ಮೀರಬಾರದು. ಕ್ಯಾಮೆರಾದ ಗಾಜಿಗೆ ಕೆಸರು ಸಿಡಿದಾಗ, ಮಳೆಮಾಪಕ ಕೆಟ್ಟಾಗ, ಯಂತ್ರಕ್ಕೆ “ನನಗೆ ತಿಳಿಯುತ್ತಿಲ್ಲ” ಎಂದು ಹೇಳಲೂ ಬರಬೇಕು. ಆಗ ಫಲಕ ತಾನಾಗಿಯೇ ಮಳೆಗಾಲದ ಕಡಿಮೆ ಅಂಕಿಗೆ ಇಳಿಯಬೇಕು. ತಿಳಿಯದ್ದನ್ನು ತಿಳಿಯದೆಂದು ಒಪ್ಪಿಕೊಳ್ಳುವುದು ಒಳ್ಳೆಯ ವಿದ್ಯಾರ್ಥಿಯ ಲಕ್ಷಣವಲ್ಲವೇ?

ನೀವೇ ಮಾಡಿ ನೋಡಿ

ಇದಕ್ಕೆ ಗಣಕಯಂತ್ರ ಬೇಡ. ನಾಲ್ಕೈದು ಗೆಳೆಯರು ಸೇರಿ, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ನಿಮ್ಮ ಕಾಲೇಜಿನ ಎದುರಿನ ರಸ್ತೆಯ ಪಕ್ಕದ ಪಾದಚಾರಿ ದಾರಿಯಲ್ಲಿ ಸುರಕ್ಷಿತವಾಗಿ ನಿಲ್ಲಿ. ರಸ್ತೆಗೆ ಇಳಿಯದೆಯೇ 50 ಮೀಟರ್ ಅಂತರದ ಎರಡು ಕಂಬಗಳನ್ನು ಗುರುತಿಸಿಕೊಳ್ಳಿ. ವಾಹನವೊಂದು ಮೊದಲ ಕಂಬದಿಂದ ಎರಡನೆಯದನ್ನು ದಾಟಲು ಹಿಡಿದ ಸೆಕೆಂಡುಗಳನ್ನು ಗಡಿಯಾರದಲ್ಲಿ ನೋಡಿ. 180ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ವೇಗವೆಂದು ಸಿಗುತ್ತದೆ. 3 ಸೆಕೆಂಡಾದರೆ 60, 4 ಸೆಕೆಂಡಾದರೆ 45. ಒಣ ದಿನ 50 ವಾಹನ, ಮಳೆಯ ದಿನ 50 ವಾಹನ ಅಳೆದು ಸರಾಸರಿ ತೆಗೆಯಿರಿ. ಪ್ರತಿ ಸಾಲಿನ ಮುಂದೆ ಹೊತ್ತು, ಮಳೆ, ರಸ್ತೆಯ ಸ್ಥಿತಿ ಬರೆಯಲು ಮರೆಯಬೇಡಿ. ಎರಡು ಸರಾಸರಿಗಳ ವ್ಯತ್ಯಾಸವನ್ನು ಮೇಲೆ ನಾವು ಲೆಕ್ಕ ಹಾಕಿದ 8 ಮತ್ತು 19ರ ಜೊತೆ ಹೋಲಿಸಿ. ನಿಮ್ಮ ರಸ್ತೆಯ ಜನ ಮಳೆಗೆ ಎಷ್ಟು ಮರ್ಯಾದೆ ಕೊಡುತ್ತಾರೆಂದು ಗೊತ್ತಾಗುತ್ತದೆ. ಆ ಕೋಷ್ಟಕವನ್ನು ಜೋಪಾನವಾಗಿ ಇಡಿ. ಯಂತ್ರಕ್ಕೆ ಬೇಕಾದ ಪಾಠಪುಸ್ತಕದ ಮೊದಲ ಪುಟ ಅದು.

ಅಂಕಿ ಬದಲಾಗುವ ಫಲಕ ನಿಮ್ಮ ದಾರಿಯಲ್ಲಿ ಎಂದು ಬಂದೀತೋ ಬರಲಿ. ಅಲ್ಲಿಯವರೆಗೆ ಬ್ರೇಕಿನ ಲೆಕ್ಕ ನಿಮ್ಮ ತಲೆಯಲ್ಲಿರಲಿ: ಒಣ ರಸ್ತೆಯ 60, ನೆನೆದ ರಸ್ತೆಯಲ್ಲಿ 52, ಕೆಸರಿನಲ್ಲಿ 41. ನಾಳೆ ಮಳೆಯಲ್ಲಿ ಹೊರಡುವಾಗ ಒಳಗಿನಿಂದ ಅವ್ವ “ಸಾವಕಾಶ ಹೋಗಪಾ” ಎಂದರೆ “ಹೂಂ” ಎನ್ನುವ ಮೊದಲು ರಸ್ತೆಯನ್ನೊಮ್ಮೆ ನೋಡಿ. ಯಾವ ಅಂಕಿಗೆ “ಹೂಂ” ಎನ್ನಬೇಕೆಂದು ಈಗ ನಿಮಗೆ ಗೊತ್ತಿದೆ.